ಪತ್ತನಾಜೆಗೆ ಮುಂಚೆ ಹಿತ್ತಿಲಲ್ಲಿ ಎರಡು ಏರುಮಡಿ

ಬಿಸು ಹತ್ತಿರವಾದಂತೆ ನಮ್ಮ ಪೇಟೆಗಳಲ್ಲಿ ಕಣಿಗೆ ಬೇಕಾದ ಸೌತೆಕಾಯಿಯ ವ್ಯಾಪಾರ ಬಿರುಸಾಗುತ್ತದೆ. ಕಣಿ ಇಡುವ ಸಂಪ್ರದಾಯ ನಮ್ಮ ಮನೆಗಳಲ್ಲಿ ಇನ್ನೂ ಉಳಿದಿದೆಯೆಂಬುದು ಸಂತೋಷದ ಸಂಗತಿಯೇ. ಆದರೆ ಹಿಂದಿನವರಿಗೆ ಕಣಿಯೆಂದರೆ ತಮ್ಮ ನೆಲ ಕೊಟ್ಟದ್ದನ್ನು ದೇವರ ಮುಂದಿಟ್ಟು, ಹೊಸ ವರ್ಷದ ಮುಂಜಾನೆ ಮೊದಲಾಗಿ ಅದನ್ನೇ ಕಾಣುವುದಾಗಿತ್ತು. ಈಗ ಘಟ್ಟದ ಆಚೆಯಿಂದ ಲಾರಿಯಲ್ಲಿ ಬಂದ ಕಾಯಿಯನ್ನು ಹಣ ಕೊಟ್ಟು ತಂದು ಕಾಣುವವರೇ ಹೆಚ್ಚು. ಸುಗ್ಗಿ ಗದ್ದೆಯಲ್ಲಿ ಬೆಳೆದ ಸೌತೆಯನ್ನು ಬಾಳೆಯ ನಾರಿನಲ್ಲಿ ಕಟ್ಟಿ, ಅಡ್ಡಕ್ಕೆ ತೂಗುಹಾಕಿ, ಆಟಿ ತಿಂಗಳ ತನಕ ಸಾಂಬಾರಿಗೆ ಉಳಿಸಿಕೊಳ್ಳುತ್ತಿದ್ದ ಮನೆಗಳವರು ಇಂದು ವಾರದ ತರಕಾರಿಗೆ ಪೇಟೆಯ ದಾರಿ ನೋಡುತ್ತಾರೆ.

ಗದ್ದೆ ಹೋಯಿತು, ಈಗ ಏನು ಮಾಡುವುದು ಎಂದು ಕೇಳುವವರಿದ್ದಾರೆ. ಹೌದು, ಗದ್ದೆಗಳಲ್ಲಿ ಬಹುಪಾಲು ತೋಟವಾಗಿದೆ, ಉಳಿದದ್ದರಲ್ಲಿ ಮನೆ ಎದ್ದಿದೆ. ಆದರೆ ಹತ್ತು ಸೆಂಟ್ಸು ಜಾಗದಲ್ಲಿ ಮನೆ ಕಟ್ಟಿದವರಿಗೂ ಹಿತ್ತಿಲಲ್ಲಿ ಹತ್ತು ಅಡಿ ಉದ್ದ, ಮೂರಡಿ ಅಗಲದ ಎರಡು ಮಡಿಗಳಿಗೆ ಎಡೆಯಿರುತ್ತದೆ. ಅಂಗಳಕ್ಕೆಲ್ಲ ಇಂಟರ್‌ಲಾಕ್ ಹಾಸುವ ಮೊದಲು ಆ ಅರುವತ್ತು ಚದರಡಿಯನ್ನು ಮಣ್ಣಿಗೆ ಬಿಡಬೇಕೆಂಬುದೇ ಈ ಲೇಖನದ ಒತ್ತಾಯ. ಅದಕ್ಕೆ ಸರಿಯಾದ ಕಾಲ ಈ ವಸಂತವೇ.

ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಮೊಬೈಲಿನಲ್ಲಿ ಪರದೇಶದ ಕೈತೋಟಗಳ ಚಿತ್ರ ನೋಡಿ, ಹಲಗೆಯ ಪೆಟ್ಟಿಗೆ ಮಾಡಿಸಿ, ಎತ್ತರಕ್ಕೆ ಮಣ್ಣು ತುಂಬಿ, ಮೀನ ಮಾಸದ ಬಿಸಿಲಿಗೆ ಗಿಡ ನೆಡುವವರಿದ್ದಾರೆ. ಎತ್ತರದ ಮಣ್ಣು ಬೇಗ ಒಣಗುತ್ತದೆ. ಬಾವಿಯ ನೀರು ತಳಕಂಡ ಹೊತ್ತಿನಲ್ಲಿ ಅದಕ್ಕೆ ನೀರುಣಿಸಿ ಪೂರೈಸದು. ಹಲಗೆಗೋ ಒಂದೇ ಮಳೆಗಾಲದಲ್ಲಿ ಗೆದ್ದಲು ಹತ್ತುತ್ತದೆ. ನಮ್ಮ ಹಿರಿಯರು ಬೇಸಗೆಯ ತರಕಾರಿಗೆ ತಗ್ಗಿನ ಸಾಲು ತೆಗೆದರು, ನೀರು ಬುಡದಲ್ಲಿ ನಿಲ್ಲಲಿ ಎಂದು. ಮಳೆಗಾಲದ ತರಕಾರಿಗೆ ಮಣ್ಣನ್ನು ಏರಿಸಿದರು, ನೀರು ಬುಡದಲ್ಲಿ ನಿಲ್ಲದಿರಲಿ ಎಂದು. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ, ಅದರಲ್ಲೂ ಬಹುಭಾಗ ಜೂನ್‌ನಿಂದ ಸೆಪ್ಟೆಂಬರಿನೊಳಗೆ ಸುರಿಯುವ ಊರಿಗೆ ಇದಕ್ಕಿಂತ ಸರಿಯಾದ ಲೆಕ್ಕ ಬೇರೆ ಇಲ್ಲ. ಆದುದರಿಂದ ಏರುಮಡಿಯನ್ನು ಈಗ ಕಟ್ಟಬೇಕು, ಆದರೆ ಮಳೆಗಾಗಿ ಕಟ್ಟಬೇಕು.

ಕ್ರಮ ಕಷ್ಟದ್ದಲ್ಲ. ನಮ್ಮದು ಮುರಕಲ್ಲಿನ ನೆಲ. ಹುಳಿ ಅಂಶ ಹೆಚ್ಚು. ನೆಲವನ್ನು ಒಂದು ಗೇಣು ಅಗೆದು, ಕಲ್ಲು ಹೆಕ್ಕಿ, ಮಡಿಯೊಂದಕ್ಕೆ ಒಂದೆರಡು ಹಿಡಿ ಸುಣ್ಣದ ಪುಡಿ ಬೆರೆಸಿ ಹದಿನೈದು ದಿನ ಬಿಡಬೇಕು. ಆ ಹದಿನೈದು ದಿನದಲ್ಲಿ ತರಗೆಲೆ, ಒಣಕಡ್ಡಿಗಳ ಮೇಲೆ ಮಣ್ಣು ಹೇರಿ, ಹೊಗೆಯಾಡುವಷ್ಟೇ ಬೆಂಕಿ ಕೊಟ್ಟು ಸುಡುಮಣ್ಣು ಮಾಡಿಕೊಳ್ಳಬಹುದು. ಕಳೆಬೀಜವೂ ಹುಳದ ಮೊಟ್ಟೆಯೂ ಅದರಲ್ಲಿ ಸಾಯುತ್ತವೆ, ಬೂದಿಯ ಸತ್ವವೂ ಮಣ್ಣಿಗೆ ಸೇರುತ್ತದೆ. ಬಳಿಕ ಹಸಿರುಸೊಪ್ಪು, ಹಟ್ಟಿಗೊಬ್ಬರ, ಸುಡುಮಣ್ಣು ಸೇರಿಸಿ, ಮೂರಡಿ ಅಗಲಕ್ಕೆ ಒಂದು ಗೇಣು ಎತ್ತರ ಮಣ್ಣೇರಿಸಿದರೆ ಮಡಿಯಾಯಿತು. ಅಂಚು ಕುಸಿಯದಂತೆ ಮುರಿದ ಕೆಂಪುಕಲ್ಲು, ಸೀಳಿದ ಅಡಿಕೆಮರ, ತೆಂಗಿನ ಸಿಪ್ಪೆ ಯಾವುದಾದರೂ ಸಾಕು. ಹಣ ಕೊಟ್ಟು ತರುವಂಥದ್ದು ಏನೂ ಇಲ್ಲ. ಮಡಿಗಳ ನಡುವೆ ಒಂದೂವರೆ ಅಡಿ ಜಾಗ ಬಿಡಬೇಕು, ನೀರು ಹರಿಯಲಿಕ್ಕೂ ಮನುಷ್ಯ ಕಾಲಿಡಲಿಕ್ಕೂ. ಮಡಿಯ ಮೇಲೆ ಮಾತ್ರ ಕಾಲಿಡಕೂಡದು. ತುಳಿದ ಮಣ್ಣಿನಲ್ಲಿ ಬೇರು ಇಳಿಯದು.

ಬಿಸುವಿನ ಹೊತ್ತಿಗೆ ಒಂದೆರಡು ಮಳೆ ಬಿದ್ದೊಡನೆ ಒಂದು ಮಡಿಗೆ ಶುಂಠಿ, ಅರಸಿನ ಹಾಕಬಹುದು. ಶುಂಠಿಗೆ ಗೇಣಿಗೊಂದರಂತೆ ಮೊಳಕೆಯ ತುಂಡು, ಮೇಲೆ ದಪ್ಪಕ್ಕೆ ಸೊಪ್ಪಿನ ಹೊದಿಕೆ. ಈ ಹೊದಿಕೆಯನ್ನು ಒಂದೂವರೆ ತಿಂಗಳಿಗೆ, ಮೂರು ತಿಂಗಳಿಗೆ ಮತ್ತೆ ಹಾಕಬೇಕು. ಮುಂಗಾರಿನ ಹೊಡೆತಕ್ಕೆ ಮಡಿಯ ಮಣ್ಣು ಕೊಚ್ಚಿಹೋಗದಂತೆ ಕಾಯುವುದೂ ಅದೇ ಹೊದಿಕೆ. ಇನ್ನೊಂದು ಮಡಿಗೆ ಪತ್ತನಾಜೆಯ ಸುಮಾರಿಗೆ ಬೆಂಡೆ, ಅಲಸಂಡೆ, ಬದಿಗೆ ಹಾಗಲವೋ ಪಡುವಲವೋ. ಬೇಶ ತಿಂಗಳ ಹತ್ತನೇ ದಿನ ಕೋಲ, ಆಟಗಳನ್ನು ಮುಗಿಸಿ ಬೇಸಾಯಕ್ಕೆ ಇಳಿಯಬೇಕೆಂದು ಹಿರಿಯರು ಗೆರೆ ಎಳೆದದ್ದು ಸುಮ್ಮನೆ ಅಲ್ಲ. ಆ ದಿನ ಬಂದಾಗ ಮಡಿ ಸಿದ್ಧವಿರಬೇಕು. ಜಡಿಮಳೆ ಹಿಡಿದ ಮೇಲೆ ಕೆಸರು ಎತ್ತಿಹಾಕಿದರೆ ಅದು ಮಡಿಯಾಗದು.

ಹಂದಿ, ನವಿಲು, ಮಂಗಗಳ ಉಪದ್ರವ ಇದೆಯಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ದೂರದ ಗುಡ್ಡೆಯಲ್ಲಿ ಗೆಣಸು ನೆಟ್ಟು ಉಳಿಸಿಕೊಳ್ಳುವುದು ಇಂದು ದುಸ್ತರ. ಅಡುಗೆಮನೆಯ ಕಿಟಕಿಯಿಂದ ಕಾಣುವ ಎರಡು ಮಡಿಗಳ ವಾದ ಹುಟ್ಟುವುದು ಅದರಿಂದಲೇ. ಕಣ್ಣೆದುರಿನ ಬೆಳೆಗೆ ಒಂದು ಬಲೆ ಕಟ್ಟಿ ಕಾಯುವುದು ಸಾಧ್ಯ.

ಬೇರೆ ಜಿಲ್ಲೆಯವರಿಗಿಂತ ನಮಗೆ ಇದು ಹೆಚ್ಚು ಅಗತ್ಯ ಏಕೆಂದು ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿನ ಗೇರುತೋಟಗಳ ಮೇಲೆ 2000ದ ವರೆಗೆ ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಲಾಯಿತು. 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ದೇಶದಲ್ಲೇ ನಿಷೇಧಿಸಿತು. ಎಣ್ಮಕಜೆ ಮುಂತಾದ ಗ್ರಾಮಗಳಲ್ಲಿ ಮಕ್ಕಳು ಪಟ್ಟ ಪಾಡು ನಮ್ಮ ಕಣ್ಣ ಮುಂದಿದೆ. ವಿಷವೆಂದರೆ ಏನೆಂದು ಇಷ್ಟು ಬೆಲೆ ತೆತ್ತು ಕಲಿತ ಜನ, ಎಲ್ಲಿ ಯಾವ ಸಿಂಪರಣೆ ಕಂಡು ಬಂದಿದೆಯೋ ತಿಳಿಯದ ತರಕಾರಿಯನ್ನು ಪ್ರಶ್ನೆಯಿಲ್ಲದೆ ಮಕ್ಕಳ ಬಟ್ಟಲಿಗೆ ಬಡಿಸುವುದು ಸರಿಯೇ? ಎರಡು ಮಡಿಯಿಂದ ವರ್ಷದ ತರಕಾರಿ ಆಗದು, ನಿಜ. ವಾರದಲ್ಲಿ ಎರಡು ದಿನದ ಪದಾರ್ಥಕ್ಕಾದರೂ ಆದೀತು.

ಇನ್ನೊಂದು ನಷ್ಟ ನಮ್ಮಂಥ ಕನ್ನಡ ಮನೆಗಳದೇ ಆದದ್ದು. ಕೈಕೆಲಸ ಬಿಟ್ಟ ಕಡೆ ಅದರ ಮಾತೂ ಬಿಟ್ಟುಹೋಗುತ್ತದೆ. ಕನ್ನಡ ಮಾಧ್ಯಮದ ತರಗತಿಯಲ್ಲೂ ಇಂದು ಗ್ರೋಬ್ಯಾಗ್ ಎಂದರೆ ಎಲ್ಲ ಮಕ್ಕಳಿಗೂ ಗೊತ್ತು. ಸುಡುಮಣ್ಣು ಎಂದರೆ ಎರಡು ಮೂರು ಮಕ್ಕಳು ಕೈ ಎತ್ತಿಯಾರು. ಮಲೆಯಾಳದ ತಡಂ, ವಾರಂ ಶಬ್ದಗಳನ್ನು ನಮ್ಮ ಮಕ್ಕಳು ಕಲಿಯಲಿ, ನೆರೆಯವರ ಭಾಷೆ ಬಲ್ಲವರಿಗೆ ನಷ್ಟವಿಲ್ಲ. ಆದರೆ ಏರಿ, ಸಾಲು, ಮಡಿ, ಚಪ್ಪರ ಎಂಬ ಮಾತುಗಳು ಅವರಿಗೆ ಬರೀ ಪದಕೋಶದಲ್ಲಿ ಸಿಕ್ಕಿದರೆ ಯಾರ ತಪ್ಪು? 1956ರ ನವೆಂಬರ್ 1ರಿಂದ ಇಂದಿನ ವರೆಗೆ ನಾವು ಭಾಷೆಗಾಗಿ ಸಭೆ ಸೇರಿದ್ದೇವೆ, ಮನವಿ ಕೊಟ್ಟಿದ್ದೇವೆ, ಅದೆಲ್ಲ ಬೇಕಾದದ್ದೇ. ಮಕ್ಕಳೊಡನೆ ಹಿತ್ತಿಲಲ್ಲಿ ಗುದ್ದಲಿ ಹಿಡಿದು ಆಡುವ ಕನ್ನಡವೂ ಅಷ್ಟೇ ಬೇಕು.

ಸರಕಾರಕ್ಕೂ ಒಂದು ಮಾತು. 1987ರಲ್ಲಿ ಆರಂಭವಾದ ಕೃಷಿಭವನಗಳು ರಾಜ್ಯದ ಒಳ್ಳೆಯ ಕಾರ್ಯಗಳಲ್ಲಿ ಒಂದು. ಓಣಂ ತರಕಾರಿ ಯೋಜನೆಯ ಬೀಜದ ಪೊಟ್ಟಣಗಳೂ ಉಪಯುಕ್ತವೇ. ಆದರೆ ಬಿತ್ತುವ ಕಾಲ, ಅಂತರ, ಗೊಬ್ಬರಗಳ ವಿವರ ಮಲೆಯಾಳದಲ್ಲಿ ಮಾತ್ರ ಇದ್ದರೆ ಆ ಲಿಪಿ ಓದಲಾರದ ಅಜ್ಜಿಗೆ ಅದು ಬರಿಯ ಚಿತ್ರದ ಕಾಗದ. ಭಾಷಾ ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲೇ ಸರಕಾರದೊಡನೆ ವ್ಯವಹರಿಸಬಹುದೆಂದು 1969ರಷ್ಟು ಹಿಂದೆಯೇ ಈ ರಾಜ್ಯದ ಶಾಸನಸಭೆ ಒಪ್ಪಿತ್ತು. ಅದೇ ನ್ಯಾಯದಿಂದ ಕಾಸರಗೋಡು, ಮಂಜೇಶ್ವರ ತಾಲೂಕುಗಳ ಕೃಷಿಭವನಗಳಲ್ಲಿ ಒಂದು ಪುಟದ ಕನ್ನಡ ಕರಪತ್ರ ದೊರೆಯಬೇಕು. ನಮ್ಮ ಪಂಚಾಯತು ಸದಸ್ಯರು ಇದನ್ನು ಕೇಳಿ ಪಡೆಯಬೇಕು. ಅನುವಾದಕ್ಕೆ ಜನ ಬೇಕಾದರೆ ಊರಿನ ಕನ್ನಡ ಅಧ್ಯಾಪಕರು ಹಿಂಜರಿಯಲಾರರು.

ಕರಪತ್ರ ಬರುವ ತನಕ ಕಾದು ಕುಳಿತರೆ ಮಳೆ ಕಾಯುವುದಿಲ್ಲ. ಶಾಲೆಗೆ ರಜೆ ಸಿಕ್ಕಿದೆ, ಮಕ್ಕಳು ಮನೆಯಲ್ಲಿದ್ದಾರೆ, ಹಿತ್ತಿಲ ಕೆಲಸ ಬಲ್ಲ ಅಜ್ಜ ಅಜ್ಜಿಯರು ಹಲವು ಮನೆಗಳಲ್ಲಿ ಇನ್ನೂ ಇದ್ದಾರೆ. ಈ ಭಾನುವಾರ ಸುಣ್ಣ ಬೆರೆಸಿದರೆ ಮೂರನೆಯ ಭಾನುವಾರಕ್ಕೆ ಮಡಿ ಏರಿಸಬಹುದು.