ದಾರೀಲಿ ಮರಗುದುರೆ ರಾಟೆ ಕಂಡ್ರೆ ಕಾರ್ ನಿಲ್ಸಿ

ಬ್ಯಾಸಿಗೆ ಬಂದ್ರೆ ಸಾಕು, ಜನ ಕಾರ್ ಎತ್ಕೊಂಡು ಹೊರಡ್ತಾರೆ. ನಮ್ಮ ಕಡೇನೇ ಸುತ್ತಾಡೋರೂ ಈಗ ಬಾಳ ಜನ ಅವ್ರೆ. ಕೊರಟಗೆರೆ ಹತ್ರ ಗೊರವನಹಳ್ಳಿ ಮಹಾಲಕ್ಷ್ಮಿಗೆ ಕೈ ಮುಗಿದು, ಮಧುಗಿರಿ ಬೆಟ್ಟಾನ ಕೆಳಗಿಂದ್ಲೇ ನೋಡಿ, ಪಾವಗಡದ ಶನಿಮಹಾತ್ಮನಿಗೆ ಎಳ್ಳೆಣ್ಣೆ ದೀಪ ಹಚ್ಚಿ, ತಿರುಮಣಿ ಸೋಲಾರ್ ಪಾರ್ಕ್ ಹತ್ರ ಫೋಟೋ ಹೊಡ್ಕೊಂಡು, ಸಿರಾ ಮೇಲೆ ಹೈವೇ ಹಿಡಿದು ವಾಪಸ್. ಒಂದು ದಿನದ ಸುತ್ತು. ಒಳ್ಳೇದೇ. ಆದ್ರೆ ಈ ಸುತ್ತಲ್ಲಿ ನಿಲ್ಲಲೇಬೇಕಾದ ಒಂದು ಜಾಗ ಬಿಟ್ಟೋಗ್ತೈತೆ ಅನ್ನೋದು ನನ್ನ ತಕರಾರು. ಅದು ಊರ ಜಾತ್ರೆ, ಆ ಜಾತ್ರೆ ಮೂಲೇಲಿ ನಿಂತಿರೋ ಕೈಯಲ್ಲಿ ತಳ್ಳೋ ಮರಗುದುರೆ ರಾಟೆ.

ನಾವು ರಂಕಲರಾಟೆ ಅಂತೀವಿ. ಪಾವಗಡದ ಕಡೆ ತೆಲುಗು ಮಾತಾಡೋ ಮನೆಗಳಲ್ಲಿ ರಂಕುಲರಾಟ್ನಂ. ನಡುವೆ ಒಂದು ಕಂಬ, ಅದರ ತಲೆ ಮೇಲೆ ಅಡ್ಡ ತೊಲೆಗಳು, ಒಂದೊಂದು ತೊಲೆಗೂ ಕಬ್ಬಿಣದ ಸರಳಲ್ಲಿ ನೇತಾಡೋ ಮರದ ಕುದುರೆ. ಕರೆಂಟ್ ಬ್ಯಾಡ, ಜನರೇಟರ್ ಬ್ಯಾಡ. ಒಬ್ಬ ಮನುಷ್ಯ ತಳ್ಕೊಂಡು ನಾಕು ಹೆಜ್ಜೆ ಓಡಿ ಬಿಟ್ಟುಬಿಟ್ರೆ ತಿರುಗ್ತೈತೆ. ಶಿವರಾತ್ರಿ ಕಳೆದು ಯುಗಾದಿ ದಾಟೋವರೆಗೂ ನಮ್ಮ ಕಡೆ ಜಾತ್ರೆಗಳ ಸಾಲು. ಮಧುಗಿರಿ ದಂಡಿನ ಮಾರಮ್ಮನ ಜಾತ್ರೇನೂ ಸಾಮಾನ್ಯವಾಗಿ ಮಾರ್ಚ್ ತಿಂಗಳಲ್ಲೇ. ದೊಡ್ಡ ಜಾತ್ರೆಗಳಲ್ಲಿ ಈಗ ಆಕಾಶದೆತ್ತರದ ತೊಟ್ಟಿಲು, ತೂಗೋ ದೋಣಿ, ಗಾಳಿ ತುಂಬಿದ ಜಾರುಬಂಡೆ ಜಾಗ ಹಿಡ್ಕೊಂಡವೆ. ಮರಗುದುರೆ ನೋಡ್ಬೇಕು ಅಂದ್ರೆ ಸಣ್ಣ ಊರಿನ ಜಾತ್ರೆಗೇ ಹೋಗ್ಬೇಕು.

ಹೋದ ಬ್ಯಾಸಿಗೇಲಿ ಮಿಡಿಗೇಶಿ ದಾಟಿ ಪಾವಗಡಕ್ಕೆ ಹೋಗ್ತಾ ಅಂಥದ್ದೊಂದು ಕಂಡು ನಿಲ್ಸಿದ್ವಿ. ರಾಟೆಯವರು ವಯಸ್ಸಾದೋರು. ಮಕ್ಕಳನ್ನ ಕೂರ್ಸೋದ್ರಲ್ಲೇ ಅವರ ಲೆಕ್ಕ ಕಾಣ್ತಿತ್ತು. ಗುಂಡುಗುಂಡಗಿದ್ದ ಹುಡುಗನ ಎದುರಿಗೆ ಅಷ್ಟೇ ತೂಕದವನನ್ನ ಕೂರ್ಸಿದ್ರು. ಸಣ್ಣ ಮಗುವಿನ ಎದುರಿಗೆ ಸಣ್ಣ ಮಗು. ಒಂದು ಕಡೆ ಭಾರ ಆದ್ರೆ ಕಂಬ ವಾಲ್ತೈತೆ ಅಂತ ಹೇಳಿದ್ರು. ಮೂರು ವರ್ಷದ ಒಂದು ಕೂಸು ಎರಡನೇ ಸುತ್ತಿಗೇ ಅಳಾಕೆ ಶುರು ಮಾಡ್ತು. ಅವರು ತೊಲೆಗೆ ಕೈ ಕೊಟ್ಟು ಅಂಗೇ ನಿಲ್ಸಿ ಇಳಿಸಿದ್ರು. ದೊಡ್ಡ ಮಿಷನ್ ತೊಟ್ಟಿಲಲ್ಲಿ ಇದಾಗಲ್ಲ. ಅಲ್ಲಿ ಕೂಸು ಅತ್ರೆ ಸದ್ದಲ್ಲಿ ಕೇಳ್ಸೋದೇ ಇಲ್ಲ.

ನಾನು ಹೇಳ್ತಿರೋದು ಇದೇ. ಎರಡು-ಮೂರು ವರ್ಷದ ಮಕ್ಕಳಿಗೆ ಜಾತ್ರೇಲಿ ಸರಿಹೊಂದೋ ಆಟ ಇದೊಂದೇ. ತಾಯಿ ಎರಡು ಮಾರು ದೂರದಲ್ಲೇ ನಿಂತಿರ್ತಾಳೆ. ಮಗು ಒಂದು ಸುತ್ತು ಬಂದಾಗ್ಲೆಲ್ಲ ಅಮ್ಮನ ಮುಖ ಸಿಗ್ತೈತೆ. ಮತ್ತೆ ಮರೆಯಾಗ್ತೈತೆ, ಮತ್ತೆ ಸಿಗ್ತೈತೆ. ಹೆದರಿಕೆಗೂ ಧೈರ್ಯಕ್ಕೂ ಅಷ್ಟು ಸಣ್ಣ ಮಗುವಿಗೆ ಇಷ್ಟೇ ಸಾಕು.

"ಹಳೇದು, ಮುರಿದು ಬಿದ್ರೆ ಯಾರು ಹೊಣೆ?" ಅಂತ ಕೇಳೋರು ಅವ್ರೆ. ನ್ಯಾಯವಾದ ಮಾತು. ಮಳೆ ಬಿಸಿಲಿಗೆ ಮರ ಪೊಳ್ಳಾಗ್ತೈತೆ, ಬೋಲ್ಟು ಸವೀತೈತೆ. ಅದಕ್ಕೆ ಪರಿಹಾರ ರಾಟೆ ಎತ್ತಂಗಡಿ ಮಾಡೋದಲ್ಲ. ಜಾತ್ರೆ ಕಟ್ಟೋ ಮುಂಚೆ ಒಬ್ಬ ಬಡಗಿ, ಒಬ್ಬ ಕಮ್ಮಾರ ಬಂದು ಕಂಬ, ತೊಲೆ, ಸರಳು ನೋಡ್ಲಿ. ಅವರ ಕೂಲಿ ಜಾತ್ರೆ ಕಮಿಟಿ ಕೊಡ್ಲಿ. ಜನರೇಟರ್ ಇಟ್ಟು ದೊಡ್ಡ ತೊಟ್ಟಿಲು ನಿಲ್ಸೋರಿಗೂ, ಕೈಯಲ್ಲಿ ತಳ್ಳೋ ಒಬ್ಬ ಮುದುಕನಿಗೂ ಒಂದೇ ಥರ ನೆಲಬಾಡಿಗೆ ಹಾಕೋದು ಎಲ್ಲಿ ನ್ಯಾಯ? ಹತ್ತಡಿ ಜಾಗ ಅವನಿಗೆ ಪುಕ್ಕಟೆ ಬಿಟ್ರೆ ಯಾರ ಗಂಟೂ ಹೋಗಲ್ಲ.

ಇಂಥದ್ದನ್ನ ಉಳಿಸ್ಕೊಂಡೋರು ಅವ್ರೆ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಓಕ್ ಬ್ಲಫ್ಸ್ ಅಂತ ಒಂದು ಸಮುದ್ರದಂಡೆ ಊರು. ಅಲ್ಲಿ 1876ರಲ್ಲಿ ಮಾಡಿದ ಮರಗುದುರೆ ರಾಟೆ ಐತೆ. ಹೆಸರು ಫ್ಲೈಯಿಂಗ್ ಹಾರ್ಸಸ್. 1884ರಲ್ಲಿ ನ್ಯೂಯಾರ್ಕಿನ ಕೋನಿ ಐಲ್ಯಾಂಡ್‌ನಿಂದ ಆ ಊರಿಗೆ ಬಂತು. 1986ರಲ್ಲಿ ಅಲ್ಲಿನ ಒಂದು ಟ್ರಸ್ಟ್ ಅದನ್ನ ಕೊಂಡ್ಕೊಂಡು ಕಾಪಾಡ್ತು. ಗಾಜಿನ ಪೆಟ್ಟಿಗೇಲಿ ಇಟ್ಟಿಲ್ಲ. ಇವತ್ತಿಗೂ ಬ್ಯಾಸಿಗೆ ಪ್ರವಾಸ ಬಂದೋರು ಮಕ್ಕಳನ್ನ ಅದೇ ಕುದುರೆ ಮೇಲೆ ಕೂರಿಸ್ತಾರೆ. ಅಷ್ಟು ದೂರ ಯಾಕೆ, ನಮ್ಮ ಸಿರಾ ತಾಲ್ಲೂಕಿನ ಕಗ್ಗಲಡು ನೋಡಿ. ಹುಣಸೆಮರದಲ್ಲಿ ಗೂಡು ಕಟ್ಟೋ ಬಣ್ಣದ ಕೊಕ್ಕರೆಗಳನ್ನ ಊರ ಜನವೇ ಕಾಪಾಡ್ಕೊಂಡು ಬಂದವ್ರೆ. ಊರು ಮನಸ್ಸು ಮಾಡಿದ್ರೆ ಆಗ್ತೈತೆ.

ಊರಿನ ಕೆಲಸ ಊರು ಮಾಡ್ಲಿ, ದಾರೀಲಿ ಹೋಗೋ ನಮ್ಮ ಪಾಲಿನದೂ ಒಂದೈತೆ. ಹೈವೇ ಟೋಲಲ್ಲಿ ದುಡ್ಡು ಕಟ್ ಆದ್ರೆ ಯಾರೂ ಸೊಲ್ಲೆತ್ತಲ್ಲ. ರಾಟೆಯವನತ್ರ ಮಾತ್ರ "ಇನ್ನೆರಡು ಸುತ್ತು ಹಾಕು, ಇಬ್ಬರಿಗೂ ಒಂದೇ ದುಡ್ಡು ತಗೋ" ಅಂತ ಚೌಕಾಶಿ. ಆ ಸುತ್ತು ಬರೋದು ಕರೆಂಟಿಂದಲ್ಲ, ಅವನ ರಟ್ಟೆಯಿಂದ. "ಕುದ್ರೆ ಕಾಲು ಮುರಿದ್ರೆ ಕೆತ್ತೋರು ಸಿಗಲ್ಲ ಕಣಕ್ಕ, ನನ್ ಮಕ್ಕಳು ಬೆಂಗ್ಳೂರಲ್ಲವ್ರೆ, ನನ್ಗಾದಷ್ಟು ದಿನ" ಅಂದ್ರು ಆ ಯಜಮಾನ್ರು. ಸಂಪಾದನೆ ಇಲ್ಲದ ಕಸುಬಿಗೆ ಮಕ್ಕಳು ಯಾಕೆ ಬಂದಾರು?

ಅದಕ್ಕೆ ಈ ಬ್ಯಾಸಿಗೇಲಿ ಹೊರಡೋ ಮುಂಚೆ ಹೋಗೋ ದಾರೀಲಿ ಯಾವ ಊರಲ್ಲಿ ಜಾತ್ರೆ ಅಂತ ನೆಂಟರನ್ನ ಒಸಿ ವಿಚಾರಿಸಿ. ಬಿಸಿಲು ಇಳಿದ ಮೇಲೆ, ಸಂಜೆ ಐದರ ಮೇಲೆ ಅಲ್ಲಿರೋ ಹಂಗೆ ಹೊರಡಿ. ಮಧ್ಯಾಹ್ನ ಕಬ್ಬಿಣದ ಸರಳು ಕಾದಿರ್ತೈತೆ, ಮಕ್ಕಳ ಕೈ ಸುಡ್ತೈತೆ. ಚಿಲ್ಲರೆ ಜೊತೇಲಿರ್ಲಿ. ಕೇಳಿದಷ್ಟು ಕೊಡಿ, ಮಗು ಇನ್ನೊಂದು ಸಲ ಅಂದ್ರೆ ಇನ್ನೊಂದು ಸಲ ಕೊಡಿ.