ಹೊಸ ನಗರದಲ್ಲಿ ದುಡಿಯುವವನ ಮನೆ ಎಲ್ಲಿ?

“ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು” ಎಂಬುದು ನಮ್ಮ ಹಿರಿಯರ ಮಾತು. ಒಂದು ಮನೆ ಕಟ್ಟುವುದೇ ಇಷ್ಟು ಕಷ್ಟವಾದರೆ ಒಂದು ನಗರವನ್ನೇ ಕಟ್ಟುವುದು ಇನ್ನೆಷ್ಟು ಕಷ್ಟವಿರಬೇಕು! ಬೆಂಗಳೂರಿಗೆ ಸುಮಾರು ಮೂವತ್ತು ಕಿಲೋಮೀಟರ್ ದೂರದ ಬಿಡದಿಯ ಬಳಿ ಎಂಟು ಸಾವಿರ ಎಕರೆಗೂ ಮಿಕ್ಕ ಭೂಮಿಯಲ್ಲಿ ಉಪನಗರವೊಂದನ್ನು ಕಟ್ಟಲು ಕರ್ನಾಟಕ ಸರ್ಕಾರ ಯೋಜಿಸಿದೆ. 2006ರಷ್ಟು ಹಳೆಯದಾದ ಈ ಆಲೋಚನೆಗೆ 2025ರಲ್ಲಿ ಮತ್ತೆ ಜೀವ ಬಂದಿತು. ಭೈರಮಂಗಲ, ಕಂಚುಗಾರನಹಳ್ಳಿ ಭಾಗದ ಅನೇಕ ರೈತರು ಭೂಮಿ ಬಿಡಲಾರೆವೆಂದು ಪ್ರತಿಭಟಿಸಿದರು.

ದೂರದ ಬಿಡದಿಯ ಸಂಗತಿ ತಿಗನಾರೆಯ ನಮಗೇಕೆ ಎಂದು ಕೆಲವರು ಕೇಳಬಹುದು. ಆಡಳಿತದಲ್ಲಿ ನಾವು ಈರೋಡು ಜಿಲ್ಲೆಯವರು. ಆದರೆ ಅತ್ತ ಹೋಗಲು ದಿಂಬಂ ಘಾಟಿಯ 27 ತಿರುವುಗಳನ್ನು ಇಳಿಯಬೇಕು. ವನ್ಯಮೃಗಗಳ ರಕ್ಷಣೆಗಾಗಿ 2022ರಲ್ಲಿ ಅಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧವೂ ಬಂದಿತು. ನಮಗೆ ಚಾಮರಾಜನಗರವೇ ಹತ್ತಿರ. ಮಳೆ ಕೈಕೊಟ್ಟ ವರ್ಷ ಮೈಸೂರು, ಬೆಂಗಳೂರುಗಳ ದಾರಿ ಹಿಡಿಯುವವರು ನಮ್ಮಂಥ ಊರುಗಳವರೇ. ಇಂದು ಈ ಶಾಲೆಯಲ್ಲಿ ಓದುತ್ತಿರುವ ಮಕ್ಕಳಲ್ಲಿ ಕೆಲವರಾದರೂ ನಾಳೆ ಅಂಥ ನಗರಗಳಲ್ಲಿ ದುಡಿಯುವರು. ಆದುದರಿಂದ ಈ ಪ್ರಶ್ನೆ ನಮ್ಮದೂ ಹೌದು.

ಹಿಂದಿನ ಅನುಭವ ಏನು ಹೇಳುತ್ತದೆ? 1978ರಲ್ಲಿ ಕಿಯೋನಿಕ್ಸ್ ಸಂಸ್ಥೆ ಬೆಂಗಳೂರಿನ ಹೊರಗೆ, ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರಿನ ಬಳಿ, ಎಲೆಕ್ಟ್ರಾನಿಕ್ ಸಿಟಿಯನ್ನು ಸ್ಥಾಪಿಸಿತು. ಇದು ಆರ್.ಕೆ. ಬಾಳಿಗರ ಕನಸು. ಕೆಲಸವೇನೋ ಬಂದಿತು, ಕೀರ್ತಿಯೂ ಬಂದಿತು. ಆದರೆ ದಾರಿ? ಮೇಲುಸೇತುವೆ ಬಂದದ್ದು 2010ರಲ್ಲಿ. ಮೆಟ್ರೊ ರೈಲು ಬಂದದ್ದು 2025ರ ಆಗಸ್ಟಿನಲ್ಲಿ, ಅಂದರೆ 47 ವರ್ಷಗಳ ಮೇಲೆ! ಅಷ್ಟರಲ್ಲಿ ಒಂದು ತಲೆಮಾರೇ ದಿನದಿನವೂ ರಸ್ತೆಯ ಮೇಲೆ ಕಾಲ ಕಳೆಯಿತು. ಹತ್ತಿರ ಮನೆ ಮಾಡೋಣವೆಂದರೆ ಕೆಲಸ ಬಂದ ಕಡೆ ಭೂಮಿಯ ಬೆಲೆಯೂ ಬಾಡಿಗೆಯೂ ಏರುತ್ತವೆ. ಹೆಚ್ಚು ಸಂಬಳದವರು ಹತ್ತಿರವಿರುತ್ತಾರೆ. ಕಸ ಗುಡಿಸುವವರು, ಕಾವಲುಗಾರರು ದೂರದಿಂದ ಬರುತ್ತಾರೆ. ಕಟ್ಟಡ ಕಟ್ಟಿದವರಿಗೆ ತಗಡಿನ ಶೆಡ್ಡೇ ಗತಿ.

ಇದಕ್ಕೆ ಬೇರೆ ದಾರಿಯೇ ಇರಲಿಲ್ಲವೆ? ಇತ್ತು. ಜಾಲಹಳ್ಳಿಯ ಎಚ್.ಎಂ.ಟಿ., ಬಿ.ಇ.ಎಲ್. ಕಾರ್ಖಾನೆಗಳು ಯಂತ್ರಗಳ ಜೊತೆಗೆ ಕಾರ್ಮಿಕರ ವಸತಿ ಬಡಾವಣೆಗಳನ್ನೂ ಕಟ್ಟಿದವು. ಎಲ್ಲರಿಗೂ ಮನೆ ಸಿಗಲಿಲ್ಲ, ನಿಜ. ಆದರೂ ದುಡಿಯುವವನಿಗೆ ಸೂರು ಬೇಕೆಂಬ ವಿಚಾರ ಆಗ ಯೋಜನೆಯೊಳಗೇ ಇತ್ತು.

ಹೊಸ ನಗರವೇ ಬೇಡವೆಂದು ನಾನು ಹೇಳುವುದಿಲ್ಲ. ಬೆಂಗಳೂರಿನ ಭಾರ ಇಳಿಯಲೇಬೇಕು. ಆದರೆ ಮೂರು ಮಾತು ಮೊದಲೇ ತೀರ್ಮಾನವಾಗಲಿ. ಭೂಮಿ ಕೊಡುವ ರೈತನ ಒಪ್ಪಿಗೆ ಮತ್ತು ಅವನ ಮುಂದಿನ ಬದುಕು ಮೊದಲನೆಯದು. ಕಡಿಮೆ ಕೂಲಿಯವರಿಗೂ ನಿಲುಕುವ ಬಾಡಿಗೆಯ ಮನೆಗಳು ಎರಡನೆಯದು. ಕಚೇರಿಯ ಬಾಗಿಲು ತೆರೆಯುವ ದಿನವೇ ಬಸ್ಸು, ರೈಲು ಓಡಬೇಕೆಂಬುದು ಮೂರನೆಯದು.

ಇನ್ನೂ ಒಂದು ಮಾತು. ಚಾಮರಾಜನಗರದ ಬಳಿ ಬದನಗುಪ್ಪೆ–ಕೆಲ್ಲಂಬಳ್ಳಿ ಕೈಗಾರಿಕಾ ಪ್ರದೇಶವಿದೆ. ಅಂಥ ಕಡೆ ಕೆಲಸಗಳು ಹೆಚ್ಚಿ, ನಮ್ಮ ಹಳ್ಳಿಗಳಿಂದ ಹೊತ್ತಿಗೆ ಸರಿಯಾಗಿ ಬಸ್ಸು ಓಡಿದರೆ, ಬೆಳಿಗ್ಗೆ ಹೋದವರು ಸಂಜೆಗೆ ಮನೆ ಸೇರಬಹುದು. ಹೊಲ ಪಾಳು ಬೀಳದು, ಮಕ್ಕಳ ಓದು ನಡುವೆ ನಿಲ್ಲದು. ಕೋಟಿಗಟ್ಟಲೆ ಹಣದ ನಗರಕ್ಕಿಂತ ಸಮಯಕ್ಕೆ ಬರುವ ಒಂದು ಬಸ್ಸು ಕೆಲವು ಸಂಸಾರಗಳಿಗೆ ದೊಡ್ಡದು. ನಗರ ಕಟ್ಟುವವರು ಇದನ್ನು ಮರೆಯದಿರಲಿ. ನಾಳೆ ಯೋಜನೆ ಬರೆಯುವ ಇಂದಿನ ವಿದ್ಯಾರ್ಥಿಗಳೂ ನೆನಪಿನಲ್ಲಿಡಲಿ.