ಗೋಡೆಯಿಲ್ಲದ ಶಾಲೆ

ಕಳೆದ ಸಂಚಿಕೆಯಲ್ಲಿ ಮನೆಯ ಜಗಲಿಯ ವಿಷಯವಾಗಿ ನಾಲ್ಕು ಮಾತು ಬರೆದಿದ್ದೆವಷ್ಟೆ. ಅದನ್ನೋದಿದ ಸೋದರಿಯೊಬ್ಬರು, ಥಾಯ್ಲೆಂಡ್ ದೇಶದವರು ತೋಟದಲ್ಲಿ ಕಟ್ಟುವ ಗೋಡೆಯಿಲ್ಲದ ಮಂಟಪದ ಚಿತ್ರವನ್ನು ತಾವು ನೋಡಿದುದಾಗಿಯೂ, ಅದನ್ನು ಕಟ್ಟುವ ಕ್ರಮವನ್ನು ತಿಳಿಸಬೇಕೆಂದೂ ಕಾಗದ ಬರೆದಿದ್ದಾರೆ. ನಮ್ಮ ಮಗನು ಆ ದೇಶದ ಅಯುತ್ಥಯಾ ಪ್ರಾಂತದ ಕಾರ್ಖಾನೆಯೊಂದರಲ್ಲಿ ಉದ್ಯೋಗದಲ್ಲಿರುವುದರಿಂದ, ಹೋದ ವರ್ಷ ನಾವೂ ನಮ್ಮ ಮನೆಯವರೂ ಬೇಸಗೆಯ ತಿಂಗಳುಗಳನ್ನು ಅಲ್ಲಿಯೇ ಕಳೆದೆವು. ಪಕ್ಕದ ಮನೆಯಲ್ಲಿ ಅಂಥದೊಂದು ಮಂಟಪವು ಅಳತೆಯ ಹಗ್ಗ ಮೊದಲುಗೊಂಡು ಮಾಡಿನ ಕೊನೆಯ ಗರಿಯವರೆಗೆ ಏಳುವುದನ್ನು ದಿನವೂ ಬೇಲಿಯ ಈಚೆಯಿಂದ ನೋಡಿದೆವು. ನಿವೃತ್ತ ಉಪಾಧ್ಯಾಯನಿಗೆ ಪರರ ಕೆಲಸವನ್ನು ನೋಡುವುದಕ್ಕಿಂತ ಬೇರೆ ಕೆಲಸವೇನಿದೆ?

ಆ ಮಂಟಪಕ್ಕೆ ಅವರಲ್ಲಿ ‘ಸಾಲಾ’ ಎಂದು ಹೆಸರು. ಉಚ್ಚಾರದಲ್ಲಿ ಸಕಾರವಾದರೂ ಬರಹದಲ್ಲಿ ತಾಲವ್ಯ ಶಕಾರವನ್ನು ಇಂದಿಗೂ ಬಿಟ್ಟಿಲ್ಲ. ಅದು ನಮ್ಮ ಶಾಲಾ ಶಬ್ದವೇ. ಗೋಶಾಲೆ, ಪಾಕಶಾಲೆ, ಧರ್ಮಶಾಲೆ ಎಂಬಲ್ಲೆಲ್ಲ ಇರುವ ಆ ಶಬ್ದಕ್ಕೆ ಮನೆ, ಚಾವಡಿ ಎಂಬುದೇ ಮೂಲಾರ್ಥ. ಕನ್ನಡಿಗರಾದ ನಾವು ಪಾಠಶಾಲೆಯೊಳಗಿನ ಪಾಠವನ್ನು ಕೈಬಿಟ್ಟು ಬರಿಯ ಶಾಲೆಯೆಂದೆವು. ಮೂವತ್ತೈದು ವರ್ಷಕಾಲ ನಾಲ್ಕು ಗೋಡೆಗಳ ನಡುವೆ ಪಾಠ ಹೇಳಿದ ನಮಗೆ, ಗೋಡೆಯೂ ಪಾಠವೂ ಇಲ್ಲದ, ಕಾಲು ಇಳಿಬಿಟ್ಟು ಕೂರತಕ್ಕ ಶಾಲೆಯೂ ಲೋಕದಲ್ಲಿದೆಯೆಂದು ತಿಳಿದಾಗ ಸ್ವಲ್ಪ ಮತ್ಸರವೇ ಉಂಟಾಯಿತೆನ್ನಬೇಕು. ವಿಹಾರಗಳ ಆವರಣದಲ್ಲಿ, ರಸ್ತೆಯ ಪಕ್ಕದಲ್ಲಿ, ಕಾಲುವೆಯ ಮೆಟ್ಟಿಲ ಬಳಿ, ಮನೆಯ ತೋಟದಲ್ಲಿ, ಎಲ್ಲೆಲ್ಲಿಯೂ ಅವು ಕಾಣುತ್ತವೆ. ತೀರಿಹೋದ ಬಂಧುಗಳ ಪುಣ್ಯಾರ್ಥವಾಗಿ ಕಟ್ಟಿಸಿ ಹೆಸರು ಬರೆಸುವುದೂ ಉಂಟು.

ನಮ್ಮ ನೆರೆಯವರದು ಅಂಥ ಸಂಕಲ್ಪವೇ ಆಗಿತ್ತು. ಅವರಿಗೆ ಎಪ್ಪತ್ತು ದಾಟಿದೆ. ಬೀದಿಯವರೆಲ್ಲರೂ ‘ಲುಂಗ್’, ಎಂದರೆ ದೊಡ್ಡಪ್ಪ, ಎಂದು ಕರೆಯುವರು. ಸೊಸೆಯನ್ನನುಸರಿಸಿ ನಾವೂ ಹಾಗೆಯೇ ಕರೆದೆವು. ಅವರ ಹೆಂಡತಿಯು ಕಾಲುವೆಯ ದಂಡೆಯ ದಾರಿಯಲ್ಲಿ, ಮಾವಿನ ಮರದ ಕೆಳಗೆ, ದಾರಿಹೋಕರಿಗಾಗಿ ಗಡಿಗೆಯಲ್ಲಿ ನೀರಿಡುತ್ತಿದ್ದರಂತೆ. ನಮ್ಮ ಅರವಟ್ಟಿಗೆಯ ಹಾಗೆ. 2011ರ ಮಹಾಪ್ರವಾಹದಲ್ಲಿ ವಾರಗಟ್ಟಲೆ ನೀರು ನಿಂತು ಆ ಮರವು ಸತ್ತಿತು. ಹೋದ ವರ್ಷಕ್ಕೆ ಹಿಂದೆ ಆಕೆಯೂ ತೀರಿಕೊಂಡರು. ಮರವಿದ್ದ ತಾಣದಲ್ಲಿಯೇ ಶಾಲೆಯೇಳಬೇಕೆಂದು ಲುಂಗರ ಹಟ. ಅದಕ್ಕಾಗಿ ತಮ್ಮ ತೋಟದ ಬೇಲಿಯನ್ನು ಎರಡು ‘ವಾ’ ಒಳಕ್ಕೆ ಸರಿಸಬೇಕಾಗಿತ್ತು. (ವಾ ಎಂದರೆ ನಮ್ಮ ಮಾರು, ಅದರಲ್ಲಿ ನಾಲ್ಕು ‘ಸೊಕ್’, ಎಂದರೆ ಮೊಳ. ಈಗ ಒಂದು ವಾ ಎರಡು ಮೀಟರಿಗೆ ಸಮವೆಂದು ನಿಶ್ಚಯಿಸಿದ್ದಾರೆ.) ಬ್ಯಾಂಕಾಕಿನಲ್ಲಿರುವ ಮಗನಿಗೆ ಇದು ಒಪ್ಪಿಗೆಯಾಗಲಿಲ್ಲ. ಶಾಲೆಯು ಬೇಲಿಯೊಳಗೆ ಕೊಳದ ಬಳಿ ಇರಲಿ, ಸೊಳ್ಳೆ ಬಾರದಂತೆ ಜಾಲರಿಯಿರಲಿ, ರಜೆಯಲ್ಲಿ ಮಕ್ಕಳೊಡನೆ ಬಂದಾಗ ನಾವೇ ಕೂರೋಣ, ಹೊರಗೆ ಕಟ್ಟಿದರೆ ರಾತ್ರಿ ಕುಡುಕರು ಬಂದು ಮಲಗುವರು ಎಂದು ಅವನ ವಾದ. ಅದರಲ್ಲಿ ಅನ್ಯಾಯವೇನೂ ನಮಗೆ ತೋರಲಿಲ್ಲ. ಹಾಗೆಂದು ಲುಂಗರಿಗೆ ಹೇಳುವಂತೆ ಸೊಸೆಗೆ ತಿಳಿಸಿದೆವು. ಅವಳು ನಮ್ಮ ಮಾತನ್ನು ಭಾಷಾಂತರಿಸದೆ ಹವೆಯ ವಿಷಯವಾಗಿ ಏನೋ ಹೇಳಿದಳು. ಒಳ್ಳೆಯದನ್ನೇ ಮಾಡಿದಳು.

ಇನ್ನು ಕಟ್ಟಡದ ಮಾತು. ಆರು ಕಂಬ, ಉದ್ದ ಎರಡು ವಾ, ಅಗಲ ಒಂದೂವರೆ. ಈ ಅಳತೆಯೊಳಗೆ ಏಳೆಂಟು ಜನ ಸುಖವಾಗಿ ಕೂರಬಹುದು. ಮುಖ್ಯವಾದ ತರ್ಕ ನಡೆದುದು ನೆಲಹಾಸಿನ ಎತ್ತರದ ಮೇಲೆ. 2011ರ ನೀರಿನ ಗುರುತು ಲುಂಗರ ಮನೆಯ ಗೋಡೆಯಲ್ಲಿ ಇಂದಿಗೂ ಎದೆಯ ಮಟ್ಟದಲ್ಲಿದೆ. ಅದಕ್ಕಿಂತ ಮೇಲೆ ಹಲಗೆ ಹಾಸಬೇಕೆಂದು ಬಡಗಿ ಹೇಳಿದನು. ಆ ದೇಶದ ಹಳೆಯ ಮನೆಗಳೆಲ್ಲ ಹಾಗೆ ಎತ್ತರದ ಕಂಬಗಳ ಮೇಲೆಯೇ ಇರುವುವು. ಲುಂಗರು ಒಪ್ಪಲಿಲ್ಲ. ಅಷ್ಟು ಎತ್ತರವಾದರೆ ಏಣಿ ಬೇಕು. ಏಣಿ ಹತ್ತಿ ಬರುವವನು ಅತಿಥಿಯಾದಾನು, ದಾರಿಹೋಕನು ಬಾರನು ಎಂದರು. ಆದುದರಿಂದ ನೆಲಹಾಸು ಒಂದೇ ಮೊಳದ ಎತ್ತರದಲ್ಲಿ ನಿಂತಿತು. ನಡೆದು ದಣಿದವನು ಮೆಟ್ಟು ಕಳಚದೆ ಅಂಚಿನಲ್ಲಿ ಕೂರಬಹುದು. ಪುರುಸೊತ್ತಿರುವವನು ಕಳಚಿ ಮೇಲೇರಬಹುದು. ಪ್ರವಾಹ ಬಂದರೇನು ಗತಿಯೆಂದು ಬಡಗಿ ಕೇಳಿದ್ದಕ್ಕೆ, ಬಂದು ಹೋಗಲಿ, ತಡೆಯಲು ಗೋಡೆಯೆಲ್ಲಿದೆ ಎಂಬುದೇ ಉತ್ತರ. ಹಲಗೆಗಳ ನಡುವೆ ಬೆರಳಗಲ ಸಂದು ಬಿಟ್ಟು, ಅವನ್ನು ಮೊಳೆ ಹೊಡೆಯದೆ ಕೂರಿಸಿದರು. ನೀರೇರುವ ಸೂಚನೆ ಕಂಡರೆ ಎತ್ತಿ ಮನೆಯ ಅಟ್ಟಕ್ಕೆ ಸೇರಿಸಬಹುದು. ಆ ಸಂದುಗಳಿಂದ ಬೇಸಗೆಯಲ್ಲಿ ಕೆಳಗಿನ ತಂಪುಗಾಳಿಯೂ ಬರುವುದು.

ಮರವು ತೇಗ. 1989ರಲ್ಲಿ ಆ ದೇಶದವರು ಸಹಜಾರಣ್ಯದ ಮರ ಕಡಿಯುವುದನ್ನು ನಿಷೇಧಿಸಿದಂದಿನಿಂದ ಒಳ್ಳೆಯ ತೇಗವು ದುರ್ಲಭ. ಲುಂಗರು ಬಿಚ್ಚಿದ ಹಳೆಯ ಮನೆಯೊಂದರ ಕಂಬಗಳನ್ನೇ ಕೊಂಡು ತಂದರು. ಅವರ ಹಳೆಯ ಮನೆಗಳನ್ನು ಬೆಣೆ ಮತ್ತು ಕಚ್ಚುಗಳಿಂದ ಕೂಡಿಸುತ್ತಿದ್ದುದರಿಂದ, ಬಿಚ್ಚಿ ಬೇರೆಡೆ ನಿಲ್ಲಿಸುವುದು ಸುಲಭ. ಹಳೆಯ ಬೆಣೆಗಳ ತೂತುಗಳು ಹಾಗೆಯೇ ಕಾಣುತ್ತಿದ್ದುವು. ಗೆದ್ದಲಿಗೂ ತೇವಕ್ಕೂ ಹೆದರಿ ಕಂಬದ ಬುಡಗಳನ್ನು ಗೇಣೆತ್ತರದ ಗಾರೆಯ ಪೀಠಗಳ ಮೇಲಿಟ್ಟರು. ಕಂಬಗಳ ತಲೆಗಳು ತುಸು ಒಳಕ್ಕೆ ವಾಲಿದ್ದುವು. ನಾವು ಕೆಲಸ ಕೆಟ್ಟಿತೆಂದು ಭಾವಿಸಿ ಬೇಲಿಯಾಚೆಗೆ ಕೈಸನ್ನೆ ಮಾಡಲು, ಬಡಗಿಯು ನಕ್ಕು, ಎರಡು ಅಂಗೈಗಳ ಬೆರಳ ತುದಿಗಳನ್ನು ಒಂದಕ್ಕೊಂದು ಒರಗಿಸಿ ತೋರಿಸಿದನು. ಅದು ಅವರ ಮನೆಗಳ ಪುರಾತನ ಕ್ರಮ; ಒರಗಿದ ಕಂಬ ಗಾಳಿಗೆ ಅಲುಗುವುದಿಲ್ಲ.

ಮೊದಲ ಕಂಬಕ್ಕೆ ಬಾಳೆಯ ಮರಿಯನ್ನೂ ಕಬ್ಬನ್ನೂ ಬಣ್ಣದ ಬಟ್ಟೆಯಲ್ಲಿ ಕಟ್ಟಿ ನಿಲ್ಲಿಸಿದರು. ಅದಕ್ಕೆ ‘ಎಕ್’ ಕಂಬವೆಂದು ಹೆಸರು; ನಮ್ಮ ಏಕವೇ. ನಿಲ್ಲಿಸುವ ಮುಹೂರ್ತಕ್ಕೆ ಅವರು ಹೇಳುವ ಶಬ್ದವೂ ಸಂಸ್ಕೃತದ ಋಕ್ಷ, ಎಂದರೆ ನಕ್ಷತ್ರ. ಮಗನು ಆ ದಿನ ಬರಲಿಲ್ಲ. ಹಗ್ಗದ ಒಂದು ತುದಿಯನ್ನು ನಮ್ಮ ಕೈಗೆ ಕೊಟ್ಟರು.

ಆ ಪ್ರಾಂತದಲ್ಲಿಯೇ ಬಾಂಗ್ ಪಾ-ಇನ್ ಎಂಬಲ್ಲಿ ಅರಮನೆಯಿದೆ. ಚುಲಾಲಂಕೋರ್ನ್ ದೊರೆಯು 1876ರಲ್ಲಿ ಕೊಳದ ನಡುವೆ ಕಟ್ಟಿಸಿದ ಗೋಡೆಯಿಲ್ಲದ ಮಂಟಪವನ್ನು ನೋಡಲು ಒಂದು ಭಾನುವಾರ ಹೋಗಿದ್ದೆವು. ಹೆಸರು ಐಸವನ್ ಥಿಪ್ಪಯಾ-ಆತ್; ಐಶ್ವರ್ಯ, ದಿವ್ಯ, ಆಸನ ಎಂಬ ಮೂರು ಶಬ್ದಗಳನ್ನು ಬಿಡಿಸಿದಾಗ ಮಗನು ನಮಗೆ ಒಂದು ಲೋಟ ಎಳನೀರು ಕೊಡಿಸಿದನು. ಕೊರೆತದ ಸೊಗಸನ್ನು ಹೇಳಿ ತೀರದು. ಆದರೆ ಸುತ್ತಲೂ ನೀರು, ನಡುವೆ ದೊರೆಯ ಪ್ರತಿಮೆ. ಕೂರುವುದಕ್ಕೆ ಅದು ನಮ್ಮಂಥವರ ಶಾಲೆಯಲ್ಲ.

ಮಾಡಿಗೆ ತಗಡು ಅಗ್ಗವೆಂದು ಫೋನಿನಲ್ಲಿ ಮಗನ ಸಲಹೆ ಬಂದಿತ್ತು. ತಗಡು ಬಿಸಿಲಿನಲ್ಲಿ ಕಾಯುವುದು. ಮಳೆಯಲ್ಲಿ ಅದರ ಕೆಳಗೆ ಒಬ್ಬರ ಮಾತು ಒಬ್ಬರಿಗೆ ಕೇಳಿಸದು. ಲುಂಗರು ಅಳಿವೆಯ ಉಪ್ಪುನೀರಿನಲ್ಲಿ ಬೆಳೆಯುವ ನೀಪಾ ತಾಳೆಯ ಗರಿಗಳನ್ನು ತರಿಸಿದರು. ಗರಿಯನ್ನು ಬಿದಿರ ಸೀಳಿಗೆ ಮಡಿಚಿ ಹೊಲಿದು ಚಾಪೆಯಂತೆ ಮಾಡಿ, ರೀಪುಗಳ ಮೇಲೆ ಒಂದರ ಮೇಲೊಂದು ಹೊದಿಸುವರು. ಮಾಡು ಬಹಳ ಕಡಿದಾಗಿರಬೇಕು. ಇಲ್ಲದಿದ್ದರೆ ನೀರು ನಿಂತು ಗರಿ ಕೊಳೆಯುವುದು. ಕೆಲವು ವರ್ಷಗಳಿಗೊಮ್ಮೆ ಬದಲಾಯಿಸುವ ಖರ್ಚು ಹೇಗೂ ತಪ್ಪದು. ಪತ್ರ ಬರೆದ ಸೋದರಿಯವರು ಗಮನಿಸಬೇಕಾದುದು ಸೂರು: ಗೋಡೆಯಿಲ್ಲದ ಮೇಲೆ ಬಿಸಿಲನ್ನೂ ಇರಚಲನ್ನೂ ತಡೆಯುವ ಭಾರವೆಲ್ಲ ಅದರ ಮೇಲೆಯೇ. ಇಲ್ಲಿ ಅದನ್ನು ಎರಡು ಮೊಳ ಹೊರಕ್ಕೆ ಚಾಚಿ, ಕೂತವನಿಗೆ ದಾರಿಯೂ ನೀರೂ ಕಾಣುವಷ್ಟು ಮಾತ್ರ ಎತ್ತರ ಬಿಟ್ಟಿದ್ದರು. ತೊಲೆಯ ಮೇಲೆ ಹೆಂಡತಿಯ ಹೆಸರೂ ಬುದ್ಧಶಕದ ವರ್ಷವೂ. ಕಂಬದ ಬಳಿ ಗಡಿಗೆ.

ಮೇ ತಿಂಗಳ ನಡುವೆ ಮೊದಲ ದೊಡ್ಡ ಮಳೆ ಹಿಡಿಯಿತು. ಆಗ ಶಾಲೆಯಲ್ಲಿ ಸೊಪ್ಪು ಮಾರುವವಳೊಬ್ಬಳು, ಸೈಕಲ್ಲಿನ ಹುಡುಗರಿಬ್ಬರು, ಬಲೆ ಹೊತ್ತ ಮುದುಕನೊಬ್ಬ ಸೇರಿದ್ದರು. ಕಾರೊಂದು ಬಂದು ನಿಂತಿತು. ಇಳಿದವನು ಮನೆಯ ಬಾಗಿಲವರೆಗೆ ಓಡಲಾರದೆ ಸೂರಿನ ಕೆಳಗೆ ಬಂದನು. ಲುಂಗರ ಮಗ! ಅಲ್ಲಿದ್ದವರಿಗೆ ಅವನ ಗುರುತಿಲ್ಲ. ಸೊಪ್ಪಿನವಳು ಬುಟ್ಟಿಯನ್ನು ತೊಡೆಯ ಮೇಲೆತ್ತಿಕೊಂಡು ಅವನಿಗೆ ಎಡೆ ಮಾಡಿದಳು. ಲುಂಗರು ಮನೆಯ ಕಿಟಕಿಯಲ್ಲಿ ನಿಂತಿದ್ದರು, ಕರೆಯಲಿಲ್ಲ. ಮಳೆ ನಿಲ್ಲಲು ಮುಕ್ಕಾಲು ಗಂಟೆ ಹಿಡಿಯಿತು. ಅಷ್ಟು ಹೊತ್ತೂ ಅವನು ಅಂಚಿನಲ್ಲಿ ಕುಳಿತು ಹುಡುಗರೊಡನೆ ಏನೋ ಮಾತನಾಡುತ್ತಿದ್ದನು.

ಪಡುವಣ ಪಕ್ಕದಿಂದ ಇರಚಲು ಹೊಡೆದು ಹಲಗೆಗಳು ನೆನೆದಿದ್ದುವು. ಮರುದಿನ ಬಡಗಿ ಬಂದು ಆ ಕಡೆಯ ಸೂರಿಗೆ ಇನ್ನೆರಡು ಸಾಲು ಗರಿ ಸೇರಿಸಿದನು. ಏಣಿ ಹಿಡಿದು ನಿಂತಿದ್ದವನು ಮಗ.